ಓದಿದವರ ಪಟ್ಟಿ

ರಘುಪತಿ ರಾಯರು ಆ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಬಂದಿದ್ದರು. ಮುಂಬೈ ಪಕ್ಕದ ನಮ್ಮ ಠಾಣೆ ಊರಿನಲ್ಲಿ ಜನ ಮೀನನ್ನು ಹಾಗೆ ತರುತ್ತಾರೆ. ರಾಯರು ಮೀನು ಮುಟ್ಟುವವರಲ್ಲ. ಪುಸ್ತಕವನ್ನೂ ಅಷ್ಟಾಗಿ ಮುಟ್ಟುವವರಲ್ಲ. ಚೀಲದ ಕಿವಿಯನ್ನು ಎರಡು ಬೆರಳಲ್ಲಿ ಹಿಡಿದು ನನ್ನ ಮೇಜಿನ ಮೇಲೆ ಇಳಿಸಿದರು.

“ಇದು ನಿನ್ನ ಲೈಬ್ರರಿಯದ್ದಾ?”

ಪುಸ್ತಕದ ಬೆನ್ನಿಗೆ ನನ್ನದೇ ಕೈಬರಹದ ಚೀಟಿ ಅಂಟಿತ್ತು. “ಹೌದು ಸರ್,” ಅಂದೆ.

“ಯಾರೆಲ್ಲ ಓದಿದ್ದಾರೆ, ನನಗೆ ಪಟ್ಟಿ ಬೇಕು. ನಾಳೆ ಮೂರು ಗಂಟೆಗೆ ಕಮಿಟಿ ಮೀಟಿಂಗ್ ಉಂಟು. ಹುಡುಗಿಯರ ಹೆಸರು, ಕ್ಲಾಸು, ಅಪ್ಪಂದಿರ ಮೊಬೈಲ್ ನಂಬರ್. ಎಲ್ಲ ಬರೆದು ತಾ.”

ಚೀಲವನ್ನು ಮತ್ತೆ ಎತ್ತಿಕೊಂಡು ಹೋದರು. ಅದು ಸಾಕ್ಷಿಯಂತೆ.

ನನ್ನ ಹೆಸರು ಲೋಲಾಕ್ಷಿ. ಠಾಣೆಯಲ್ಲಿ ಕನ್ನಡದ ಸಂಘವೊಂದು ನಡೆಸುವ ಶಾಲೆಯಲ್ಲಿ ಹನ್ನೊಂದು ವರ್ಷ ಗ್ರಂಥಪಾಲಕಿಯಾಗಿದ್ದೆ. ಸಂಘದ ಹೆಸರಲ್ಲಿ ಕನ್ನಡ ಇದೆ. ಶಾಲೆ ಇಂಗ್ಲಿಷ್ ಮೀಡಿಯಂ. ಮಕ್ಕಳು ಮಾತಾಡುವುದು ಹಿಂದಿ, ಬೈಯುವುದು ಮರಾಠಿ. ರಾಯರು ಸಂಘದ ಅಧ್ಯಕ್ಷರು. ಮೂರು ಶಾಕಾಹಾರಿ ಹೋಟೆಲು, ಮಾಜಿವಾಡಾದ ಟವರಿನಲ್ಲಿ ಇಪ್ಪತ್ತೊಂದನೆಯ ಮಹಡಿಯ ಫ್ಲ್ಯಾಟು. ಶಾಲೆಯಲ್ಲಿ ಅವರು ಎಲ್ಲರನ್ನೂ ‘ನೀವು’ ಅನ್ನುತ್ತಾರೆ, ವಾಚ್‌ಮನ್‌ನನ್ನೂ ಸೇರಿಸಿ. ನನ್ನೊಬ್ಬಳನ್ನು ‘ನೀನು’ ಅನ್ನುತ್ತಾರೆ. ಯಾಕೆಂದರೆ ನಾನು ಚನಿಯನ ಮಗಳು.

ಅಪ್ಪ ಚನಿಯ ರಾಯರ ಮೊದಲ ಹೋಟೆಲಿನ ಹಿಂಬಾಗಿಲಲ್ಲಿ ಇಪ್ಪತ್ತೆಂಟು ವರ್ಷ ದುಡಿದ. ಎಂಜಲಿನ ಡ್ರಮ್ಮು ಹೊರುವುದು, ಗಟಾರದ ಗುಂಡಿಗೆ ಇಳಿದು ಜಿಡ್ಡು ಕೆರೆಯುವುದು ಅವನ ಕೆಲಸ. ನಾವು ಕೊರಗರು. ಉಡುಪಿ ಕಡೆಯಲ್ಲಿ ಬುಟ್ಟಿ ಹೆಣೆಯುತ್ತಿದ್ದವರು. ಅಪ್ಪ ಬಿಡುವಿನಲ್ಲಿ ಹೆಣೆದ ಬುಟ್ಟಿ ಹೋಟೆಲಿನ ಅಡುಗೆಮನೆಗೆ ಹೋಗುತ್ತಿತ್ತು. ಅಪ್ಪ ಹೋಗುವಂತಿರಲಿಲ್ಲ. ಬುಟ್ಟಿಗೆ ನಾಲ್ಕು ಹನಿ ನೀರು ಚಿಮುಕಿಸಿದರೆ ಶುದ್ಧ. ಅಪ್ಪನ ಮೇಲೆ ಅರಬ್ಬೀ ಸಮುದ್ರವನ್ನೇ ಸುರಿದಿದ್ದರೂ ಆಗುತ್ತಿರಲಿಲ್ಲ.

ನಾನು ಮುನಿಸಿಪಾಲಿಟಿ ಶಾಲೆಯಲ್ಲಿ ಕಲಿತೆ. ಅಂಚೆ ಶಿಕ್ಷಣದಲ್ಲಿ ಗ್ರಂಥಾಲಯದ ಪದವಿ ಮಾಡಿದೆ. ರಾಯರು ಕೆಲಸ ಕೊಟ್ಟರು. ಹನ್ನೊಂದು ತಿಂಗಳ ಕಾಂಟ್ರ್ಯಾಕ್ಟು, ಹನ್ನೊಂದು ಸಲ. ಶಾಲೆಗೆ ಯಾವ ಅತಿಥಿ ಬಂದರೂ ನನ್ನ ಮೇಜಿನ ತನಕ ಕರೆದುಕೊಂಡು ಬಂದು, “ನೋಡಿ, ನಮ್ಮ ಚನಿಯನ ಮಗಳು,” ಎಂದು ತೋರಿಸುತ್ತಿದ್ದರು. ಅತಿಥಿಗಳು ಬಾಯಿ ಚಪ್ಪರಿಸಿ ತಲೆಯಾಡಿಸುತ್ತಿದ್ದರು. ನಾನು ಶೋಕೇಸಿನಲ್ಲಿಟ್ಟ ಕಪ್ಪಿನ ಹಾಗೆ ನಿಲ್ಲುತ್ತಿದ್ದೆ. ಟೀ ಕುಡಿಯುವ ಕಪ್ಪಲ್ಲ. ನನಗೆ ಅದು ಬೇರೆಯೇ ಇಟ್ಟಿದ್ದರು.

ಮೊದಲು ಲೈಬ್ರರಿ ಮೂರನೆಯ ಮಹಡಿಯಲ್ಲಿತ್ತು. ಕಿಟಕಿ ಇತ್ತು, ಫ್ಯಾನು ಇತ್ತು. ಅಲ್ಲಿ ಸ್ಮಾರ್ಟ್ ಕ್ಲಾಸು ಮಾಡಿದರು. ಲೈಬ್ರರಿ ಮೆಟ್ಟಿಲ ಕೆಳಗೆ ಬಂತು, ಹುಡುಗಿಯರ ಪಾಯಖಾನೆಯ ಪಕ್ಕಕ್ಕೆ. ನಾಲ್ಕು ಸಾವಿರದ ಇನ್ನೂರು ಪುಸ್ತಕ. ಹಮಾಲರನ್ನು ಕರೆಯಲಿಲ್ಲ. ಎಂಟು ದಿನ ನಾನೇ ಹೊತ್ತೆ. ಸೀರೆಯ ಸೆರಗಿನಲ್ಲಿ ಕಟ್ಟಿ, ಸೊಂಟಕ್ಕೆ ಒತ್ತಿ, ಒಂದು ಸಲಕ್ಕೆ ಇಪ್ಪತ್ತು. ಎಂಟನೆಯ ದಿನ ಬಲಭುಜ ಎತ್ತಲು ಬರಲಿಲ್ಲ. ಇವತ್ತಿಗೂ ಲೋಕಲ್‌ನಲ್ಲಿ ಬಲಗೈಯಲ್ಲಿ ರೈಲಿನ ಹಿಡಿಕೆ ಹಿಡಿಯಲಾರೆ.

ಶಾರದಾ ಪೂಜೆಯ ದಿನ ಮಾತ್ರ ಪುಸ್ತಕಗಳಿಗೆ ನಾನು ಬೇಡ. ಮುಖ್ಯೋಪಾಧ್ಯಾಯಿನಿ ರತ್ನಾವತಿ ಮೇಡಂ ಬಂದು, “ಇವತ್ತೊಂದು ದಿನ ನೀವು ಮುಟ್ಟುವುದು ಬೇಡ ಆಯ್ತಾ, ಪೂಜೆಗೆ ಇಡುವುದಲ್ವಾ,” ಎಂದು ಮೆತ್ತಗೆ ಹೇಳುತ್ತಿದ್ದರು. ವರ್ಷವಿಡೀ ಧೂಳು ಹೊಡೆದು, ಗೆದ್ದಲು ಕೆರೆದು, ಹರಿದ ಹಾಳೆಗೆ ಅಂಟು ಹಚ್ಚಿದ್ದು ಈ ಕೈಯೇ. ಸರಸ್ವತಿಗೆ ಅದು ಯಾರ ಕೈ ಎಂದು ಆ ದಿನ ಮಾತ್ರ ಗೊತ್ತಾಗುತ್ತಿತ್ತು ಅಂತ ಕಾಣುತ್ತದೆ.

ಒಮ್ಮೆ ಪಾಯಖಾನೆ ಕಟ್ಟಿಕೊಂಡಿತು. ಗುಡಿಸುವವಳು ರಜೆ. ಮೇಡಂ ನನ್ನನ್ನು ಕರೆದು, “ಲೋಲಾಕ್ಷಿ, ಸ್ವಲ್ಪ ನೋಡ್ತೀರಾ? ನಿಮಗೆಲ್ಲ ಅಭ್ಯಾಸ ಇರ್ತದಲ್ಲ,” ಅಂದರು. ನನ್ನ ಪದವಿಯಲ್ಲಿ ಆ ಪಾಠ ಇರಲಿಲ್ಲ. ಆದರೂ ಕೈ ಹಾಕಿದೆ. ಹೊರಗೆ ಆರನೆಯ ಕ್ಲಾಸಿನ ಹುಡುಗಿಯರು ತೊಡೆ ಒತ್ತಿಕೊಂಡು ನಿಂತಿದ್ದರು. ಅವರಿಗಾಗಿ ಹಾಕಿದೆ. ಆಮೇಲೆ ಮೂರು ದಿನ ಅನ್ನ ಬಾಯಿಗಿಡಲಾಗಲಿಲ್ಲ. ವಾಸನೆಗಲ್ಲ. ಆ ‘ಅಭ್ಯಾಸ’ ಅನ್ನುವ ಮಾತಿಗೆ.

ಇಷ್ಟು ನನ್ನ ಕಥೆ. ಈಗ ಪುಸ್ತಕದ ಕಥೆ.

ಅದು ಒಬ್ಬ ಡಾಕ್ಟರಮ್ಮ ಬೆಳೆಯುವ ಹುಡುಗಿಯರಿಗಾಗಿ ಇಂಗ್ಲಿಷಿನಲ್ಲಿ ಬರೆದ ಪುಸ್ತಕ. ನೂರಿಪ್ಪತ್ತು ಪುಟ, ನಡುನಡುವೆ ಚಿತ್ರ. ಮುಟ್ಟು ಅಂದರೇನು, ಯಾಕೆ ಆಗುತ್ತದೆ, ಹೊಟ್ಟೆ ನೋವಿಗೆ ಏನು ಮಾಡಬೇಕು ಎಂದೆಲ್ಲ ಇತ್ತು. ಖರೀದಿಯ ಪಟ್ಟಿಗೆ ರತ್ನಾವತಿ ಮೇಡಂ ಅವರೇ ಸಹಿ ಹಾಕಿದ್ದರು. ಓದಿ ಹಾಕಿದ್ದಲ್ಲ. ಅವರು ರಜಾ ಅರ್ಜಿಯನ್ನೂ ಓದುವುದಿಲ್ಲ. ಪುಸ್ತಕ ಕಪಾಟಿನಲ್ಲಿ ಒಂದು ದಿನವೂ ನಿಂತಿರಲಿಲ್ಲ. ಒಬ್ಬಳು ತಂದರೆ ಇನ್ನೊಬ್ಬಳು ಬಾಗಿಲಲ್ಲೇ ಕಾಯುತ್ತಿದ್ದಳು.

ಒಂಬತ್ತನೆಯ ಕ್ಲಾಸಿನ ಅನಘ ರಾಯರ ಮೊಮ್ಮಗಳು. ಅವರ ಮನೆಯಲ್ಲಿ ಹುಡುಗಿಯರು ತಿಂಗಳಿಗೆ ಮೂರು ದಿನ ಹೊರಗೆ. ಇಪ್ಪತ್ತೊಂದನೆಯ ಮಹಡಿಯಲ್ಲಿ ಹೊರಗೆ ಅಂದರೆ ಬಾಲ್ಕನಿ. ಬೇರೆ ತಟ್ಟೆ, ಬೇರೆ ಲೋಟ, ಬೇರೆ ಚಾಪೆ. ಕೆಳಗೆ ಹೈವೇ, ಮೇಲೆ ವಿಮಾನ, ನಡುವೆ ಮುಟ್ಟಾದ ಹುಡುಗಿ. ಆ ತಿಂಗಳು ಎರಡನೆಯ ದಿನ ಅನಘ ಬಾಲ್ಕನಿಯಿಂದ ಎದ್ದು ನೆಟ್ಟಗೆ ಅಡುಗೆಮನೆಗೆ ನಡೆದಳು. ಉಪ್ಪಿನಕಾಯಿಯ ಭರಣಿಗೆ ಕೈ ಹಾಕಿ ಒಂದು ಮಿಡಿ ತೆಗೆದು ಚೀಪಿದಳು. ಮನೆಯಲ್ಲಿ ಸಿಡಿಲು ಬಡಿಯಿತು. ಯಾರು ಹೇಳಿಕೊಟ್ಟದ್ದು ಎಂದು ಕೇಳಿದರೆ, “ಪೇಜ್ ಸಿಕ್ಸ್ಟಿ ಒನ್,” ಅಂದಳಂತೆ. ಅವಳ ಬ್ಯಾಗಿನಲ್ಲಿ ಪುಸ್ತಕ ಸಿಕ್ಕಿತು. ಅದರೊಳಗೆ ಒಂದು ಚೀಟಿಯೂ ಸಿಕ್ಕಿತು: ‘ನಾವು ಒಂಬತ್ತು ಜನ. ಇನ್ನು ಹೊರಗೆ ಕೂರುವುದಿಲ್ಲ.’ ಹೆಸರು ಬರೆದಿರಲಿಲ್ಲ. ಹುಡುಗಿಯರು ಬುದ್ಧಿವಂತರು.

ಒಳ್ಳೆಯ ಭರಣಿಯನ್ನು ಉಪ್ಪಿನಕಾಯಿ ಸಮೇತ ಕಸಕ್ಕೆ ಹಾಕಿದರು. ನಾನು ಇದನ್ನು ಕೇಳಿದಾಗ ನಕ್ಕೆ. ಆಮೇಲೆ ನಗು ಹಳಸಿತು. ಆ ಹುಡುಗಿ ತಿಂಗಳಿಗೆ ಮೂರು ದಿನ ಹೊರಗೆ. ನಮ್ಮವರು ಮೂವತ್ತು ದಿನವೂ ಹೊರಗೆ. ನಮಗೆ ಬಾಲ್ಕನಿಯೂ ಇರಲಿಲ್ಲ.

ರಾಯರು ಪಟ್ಟಿ ಕೇಳಿ ಹೋದ ಅರ್ಧ ಗಂಟೆಗೆ ರತ್ನಾವತಿ ಮೇಡಂ ಬಂದರು. ಪಾಯಖಾನೆಯ ವಾಸನೆಗೆ ಮೂಗಿಗೆ ಕರವಸ್ತ್ರ ಹಿಡಿದುಕೊಂಡಿದ್ದರು.

“ಕೊಟ್ಟುಬಿಡಿ ಮಾರಾಯ್ರೆ. ನಿಮಗೆಂತ ಹೋಗುವುದು? ರಿಜಿಸ್ಟರ್ ನೋಡಿ ಬರೆದರೆ ಆಯ್ತು.”

“ಆಗೂದಿಲ್ಲ ಮೇಡಂ. ಯಾರು ಏನು ಓದಿದ್ರು ಅಂತ ನಾನು ಹೇಳ್ಬಾರ್ದು.”

“ಎಂತಕೆ ಹೇಳ್ಬಾರ್ದು? ನೀವೆಂತ ಡಾಕ್ಟರಾ?”

ಅವರಿಗೆ ಗೊತ್ತಿಲ್ಲದೆ ಸರಿಯಾದ ಪ್ರಶ್ನೆಯನ್ನೇ ಕೇಳಿದ್ದರು. ಅಂಚೆ ಶಿಕ್ಷಣದವರು ಕಲ್ಯಾಣ್ ಊರಿನಲ್ಲಿ ನಡೆಸುತ್ತಿದ್ದ ಭಾನುವಾರದ ಕ್ಲಾಸಿನಲ್ಲಿ ನಮಗೆ ಪಾಠ ಹೇಳಿದ ಮೇಷ್ಟ್ರು ಅದನ್ನೇ ಹೇಳುತ್ತಿದ್ದರು. ರೋಗಿಯ ಕಾಯಿಲೆಯನ್ನು ಡಾಕ್ಟರು ಬೀದಿಯಲ್ಲಿ ಹೇಳುವುದಿಲ್ಲ. ಓದುಗನ ಪುಸ್ತಕವನ್ನು ನೀವು ಹೇಳಬೇಡಿ. ಪುಸ್ತಕ ವಾಪಸ್ ಬರಲಿ ಅಂತ ಹೆಸರು ಬರೆದುಕೊಳ್ಳುತ್ತೀರಿ. ಪುಸ್ತಕ ಬಂದ ಮೇಲೆ ಆ ಹೆಸರು ನಿಮ್ಮದಲ್ಲ, ಹೊಡೆದು ಹಾಕಿ. ನಾನು ಪರೀಕ್ಷೆಯಲ್ಲಿ ಇದನ್ನು ಚೆನ್ನಾಗಿ ಬರೆದು ಪಾಸಾಗಿದ್ದೆ. ಕೆಲಸಕ್ಕೆ ಸೇರಿದ ಮೇಲೆ ಒಂದು ಹೆಸರನ್ನೂ ಹೊಡೆದು ಹಾಕಿರಲಿಲ್ಲ. ಹನ್ನೊಂದು ವರ್ಷದ ಮೂರು ರಿಜಿಸ್ಟರು ಚಂದಕ್ಕೆ ಬೈಂಡ್ ಮಾಡಿ ಇಟ್ಟಿದ್ದೆ. ಯಾರು ಬೇಕಾದರೂ ಬಂದು ಓದುವ ಹಾಗೆ. ಸೋಮಾರಿ ನಾನೇ.

ಮೇಡಂ ಹೋದ ಮೇಲೆ ನಿಕಿತಾ ಬಂದಳು. ಹತ್ತನೆಯ ಕ್ಲಾಸು. ಅಪ್ಪನದು ಕಳವಾ ಸ್ಟೇಷನ್ ಹತ್ತಿರ ಕ್ಯಾಂಟೀನು. ಕಪಾಟಿನ ಸಂದಿಯಲ್ಲಿ ನಿಂತು ಪಿಸುಗುಟ್ಟಿದಳು.

“ಟೀಚರ್, ಲಿಸ್ಟ್ ಮತ್ ದೇನಾ. ಪ್ಲೀಸ್. ಪಪ್ಪಾಗೆ ಗೊತ್ತಾದ್ರೆ ಸ್ಕೂಲ್ ಬಂದ್. ಸೀದಾ ಗಾವ್ ಭೇಜ್ ದೇಂಗೆ.”

“ಊರಿಗೆ ಕಳಿಸಿ?”

“ಶಾದಿ,” ಅಂದಳು. ತೋಳು ಮೇಲೆತ್ತಿ ತೋರಿಸಿದಳು. ಬೆಲ್ಟಿನ ಗುರುತು. ಅದು ಮೊಬೈಲು ನೋಡಿದ್ದಕ್ಕಂತೆ. ಪುಸ್ತಕಕ್ಕೆ ಎಷ್ಟು ಬೀಳಬಹುದು ಎಂದು ನಾನು ಲೆಕ್ಕ ಹಾಕಲಿಲ್ಲ.

ಅವಳನ್ನು ಕ್ಲಾಸಿಗೆ ಕಳಿಸಿ, ಬಾಗಿಲು ಹಾಕಿ, ಕಪ್ಪು ಮಾರ್ಕರ್ ತೆಗೆದೆ.

ಮೊದಲು ಆ ಪುಸ್ತಕದ ಸಾಲುಗಳು. ಆಮೇಲೆ ಅನ್ನಿಸಿತು, ಅಷ್ಟೇ ಹೊಡೆದರೆ ಕಳ್ಳತನ. ಎಲ್ಲವನ್ನೂ ಹೊಡೆದರೆ ನಿಯಮ. ವಾಪಸ್ ಬಂದ ಪ್ರತಿ ಪುಸ್ತಕದ ಮುಂದಿದ್ದ ಹೆಸರಿನ ಮೇಲೆ ಕಪ್ಪು ಗೆರೆ ಎಳೆದೆ. ಪುಟಕ್ಕೆ ಮೂವತ್ತು ಹೆಸರು. ಸಂಜೆಯ ಹೊತ್ತಿಗೆ ಒಂದು ಮಾರ್ಕರ್ ಸತ್ತಿತು. ಇನ್ನೆರಡು ತಂದೆ. ಬೆರಳು ಸೆಟೆದುಕೊಂಡವು. ಬಲಭುಜ ಉರಿಯಿತು. ಎಡಗೈಗೆ ಬದಲಾಯಿಸಿದೆ.

ಎರಡನೆಯ ರಿಜಿಸ್ಟರಿನ ನಡುವೆ ರಾಯರ ಹೆಸರು ಸಿಕ್ಕಿತು. ಆರು ವರ್ಷದ ಹಿಂದೆ ಅವರೇ ಬಂದು ಒಂದು ಪುಸ್ತಕ ಒಯ್ದಿದ್ದರು. ಪೇಪರಿನಲ್ಲಿ ಸುತ್ತಿಸಿಕೊಂಡು ಒಯ್ದಿದ್ದರು. ಯಾವ ಪುಸ್ತಕ ಎಂದು ನಿಮಗೂ ಹೇಳುವುದಿಲ್ಲ. ನಾನು ಒಬ್ಬಳೇ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ ಅಂತ ಮಾತ್ರ ಹೇಳಬಲ್ಲೆ. ಮೊಬೈಲು ಪಕ್ಕದಲ್ಲೇ ಇತ್ತು. ಒಂದು ಫೋಟೋ ಸಾಕಿತ್ತು. ರಾಯರು ಮರುದಿನ ನನ್ನನ್ನು ‘ನೀವು’ ಅನ್ನುತ್ತಿದ್ದರು. ಬಹಳ ಹೊತ್ತು ಆ ಸಾಲನ್ನೇ ನೋಡಿದೆ. ಮೊಬೈಲನ್ನು ಎರಡು ಸಲ ಎತ್ತಿ ಕೆಳಗಿಟ್ಟೆ. ಕೊನೆಗೆ ಅದರ ಮೇಲೂ ಗೆರೆ ಎಳೆದೆ. ಉಳಿದವಕ್ಕಿಂತ ದಪ್ಪ ಗೆರೆ. ಸಿಟ್ಟು ಬಂದಿತ್ತು.

ಆ ರಾತ್ರಿ ಡೊಂಬಿವಲಿಯ ಚಾಳಿನ ನಮ್ಮ ಕೋಣೆಗೆ ಬಂದಾಗ ಅಪ್ಪ ನನ್ನ ಕಪ್ಪು ಬೆರಳು ನೋಡಿ ಏನಾಯಿತು ಎಂದು ಕೇಳಿದ. ಹೇಳಿದೆ. ಕೆಲಸ ಹೋಗುತ್ತದೆ ಎಂದೂ ಹೇಳಿದೆ. ಅಪ್ಪ ಹೆದರುತ್ತಾನೆ ಅಂದುಕೊಂಡಿದ್ದೆ. ಅವನು ಬೀಡಿ ಹಚ್ಚಿದ.

“ಹೆದರ್ಬೇಡ ಮಗಾ. ಇಪ್ಪತ್ತೆಂಟು ವರ್ಷ ಅವರ ಗಟಾರಕ್ಕೆ ಇಳ್ದವ ನಾನು. ಮೇಲೆ ಕೂತ್ಕೊಂಡು ಎಂತ ಮಾತಾಡಿದ್ರೂ ಕೆಳಗೆ ಎಂತ ಬರ್ತದೆ ಅಂತ ನನಗೆ ಗೊತ್ತುಂಟು.”

ಮರುದಿನ ಎರಡೂವರೆಗೆ ಕೊನೆಯ ಗೆರೆ ಎಳೆದೆ. ಮೂರಕ್ಕೆ ರಿಜಿಸ್ಟರು, ತಾರೀಕಿನ ಮೊಹರು, ಮಾರ್ಕರ್ ಹಿಡಿದು ಕಮಿಟಿ ಕೋಣೆಗೆ ಹೋದೆ. ಎಸಿ ಓಡುತ್ತಿತ್ತು. ರಾಯರು, ಕಾರ್ಯದರ್ಶಿ ಮೋಹನದಾಸರು, ರತ್ನಾವತಿ ಮೇಡಂ, ಇನ್ನೂ ಮೂವರು ಗಂಡಸರು. ಮುಟ್ಟಿನ ಬಗ್ಗೆ ತೀರ್ಮಾನಿಸಲು ಐದು ಜನ ಗಂಡಸರು ಗೋಡಂಬಿ ತಿನ್ನುತ್ತ ಕೂತಿದ್ದರು. ಮೇಜಿನ ನಡುವೆ ಆ ಪ್ಲಾಸ್ಟಿಕ್ ಚೀಲ. ಗಂಟು ಬಿಚ್ಚಿರಲಿಲ್ಲ. ಅಂದರೆ ಒಬ್ಬರೂ ಓದಿರಲಿಲ್ಲ. ನನಗೆ ಕುರ್ಚಿ ಇರಲಿಲ್ಲ. ಅದು ಹೊಸದಲ್ಲ.

“ಎಲ್ಲಿ ಪಟ್ಟಿ?” ರಾಯರು ಕೇಳಿದರು.

“ಪಟ್ಟಿ ಮಾಡಿಲ್ಲ ಸರ್.”

“ಟೈಮ್ ಸಿಕ್ಲಿಲ್ವಾ?”

“ಸಿಕ್ತು. ಮಾಡೂದಿಲ್ಲ.”

ಮೋಹನದಾಸರು ನನ್ನ ಕೈಯಿಂದ ರಿಜಿಸ್ಟರ್ ಎಳೆದುಕೊಂಡರು. “ಇವಳನ್ನೆಂತ ಕೇಳುವುದು? ನಾವೇ ನೋಡುವ.” ತೆರೆದರು. ಒಂದು ಪುಟ ಮಗುಚಿದರು. ಇನ್ನೊಂದು. ಇನ್ನೊಂದು.

“ಎಂತ ಇದು? ಇಡೀ ಪುಸ್ತಕಕ್ಕೆ ಡಾಂಬರು ಹಾಕಿದ್ದಾ?”

“ವಾಪಸ್ ಬಂದ ಪುಸ್ತಕದ ಹೆಸರುಗಳು ಸರ್. ಪುಸ್ತಕ ಬಂತು, ಹೆಸರಿನ ಕೆಲಸ ಮುಗೀತು. ಪುಸ್ತಕದ ಲೆಕ್ಕ ಬೇರೆ ರಿಜಿಸ್ಟರಲ್ಲಿದೆ, ಒಂದೂ ಕಮ್ಮಿ ಇಲ್ಲ. ಎಣಿಸಿ.”

“ಯಾವಾಗ ಮಾಡಿದ್ದು?”

“ನಿನ್ನೆಯಿಂದ ಇವತ್ತು ಎರಡೂವರೆ ತನಕ.” ಸುಳ್ಳು ಹೇಳಲು ನನಗೆ ಕಾರಣ ಇರಲಿಲ್ಲ.

ರತ್ನಾವತಿ ಮೇಡಂ ತಲೆ ಹಿಡಿದುಕೊಂಡರು. “ನಿಮಗೆ ತಲೆ ಸಮ ಉಂಟಾ ಲೋಲಾಕ್ಷಿ?”

ಮೋಹನದಾಸರು ಕೊನೆಯ ಪುಟಕ್ಕೆ ಬಂದಿದ್ದರು. ಮುಖ ಅರಳಿತು. “ಇಲ್ಲಿ ಉಂಟು! ಆ ಪುಸ್ತಕದ ಸಾಲು. ಒಂದು ಹೆಸರು ಹಾಗೇ ಉಂಟು!” ಗಟ್ಟಿಯಾಗಿ ಓದಲು ಬಾಯಿ ತೆರೆದರು. ಓದಿಕೊಂಡರು. ಬಾಯಿ ಮುಚ್ಚಿದರು. ರಾಯರ ಕಡೆ ನೋಡಿದರು.

“ಆ ಪುಸ್ತಕ ಇನ್ನೂ ವಾಪಸ್ ಬಂದಿಲ್ಲ ಸರ್,” ನಾನು ಹೇಳಿದೆ. “ಅದಕ್ಕೆ ಹೆಸರು ಹಾಗೇ ಇದೆ. ನಾಲ್ಕು ದಿನ ಲೇಟು. ಕೊಡಿ.”

ಯಾರದೋ ಗಂಟಲಲ್ಲಿ ಗೋಡಂಬಿ ಸಿಕ್ಕಿ ಕೆಮ್ಮು ಬಂತು. ನಾನೇ ಮೇಜಿಗೆ ಬಗ್ಗಿದೆ. ಚೀಲದ ಗಂಟು ಬಿಚ್ಚಿದೆ. ಪುಸ್ತಕ ತೆಗೆದು, ಒರೆಸಿ, ಹಿಂದಿನ ಚೀಟಿಯ ಮೇಲೆ ತಾರೀಕಿನ ಮೊಹರು ಒತ್ತಿದೆ. ಮೋಹನದಾಸರ ಕೈಯಡಿಯಿಂದ ರಿಜಿಸ್ಟರ್ ಎಳೆದುಕೊಂಡು ಆ ಕೊನೆಯ ಹೆಸರಿನ ಮೇಲೂ ಗೆರೆ ಎಳೆದೆ. ಐವರು ಗಂಡಸರ ಮುಂದೆ, ನಿಂತುಕೊಂಡೇ.

ರಾಯರ ದನಿ ಸ್ವಲ್ಪ ತಗ್ಗಿತು. “ಎಲ್ಲ ಹೆಸರೂ ಹೊಡೆದಿದ್ದೀಯಾ? ಹಳೇ ರಿಜಿಸ್ಟರದ್ದೂ?”

“ಎಲ್ಲ ಸರ್.”

“ಅಂದ್ರೆ… ಕಮಿಟಿಯವರು ಯಾರಾದ್ರೂ ಒಯ್ದಿದ್ರೆ?”

“ಅದೂ ಸರ್.”

ಅವರ ಮುಖ ಒಂದು ಕ್ಷಣ ಸಡಿಲವಾಯಿತು. ಪಾಯಖಾನೆಯ ಬಾಗಿಲು ಸಿಕ್ಕವನ ಮುಖ. ಆಮೇಲೆ ತಾನು ಸಿಟ್ಟಿನಲ್ಲಿದ್ದೇನೆ ಎಂಬುದು ನೆನಪಾಯಿತು. ಮೇಜು ಗುದ್ದಿದರು.

“ಉಪಕಾರ ಇಲ್ಲದ ಜಾತಿ! ನಿನ್ನಪ್ಪನಿಗೆ ಅನ್ನ ಹಾಕಿದ್ದು ನಾನು. ನಿನ್ನನ್ನು ಕುರ್ಚಿಯಲ್ಲಿ ಕೂರಿಸಿದ್ದು ನಾನು. ಹೋಗು, ನಿನ್ನಪ್ಪನ ಹಾಗೆ ಗಟಾರ ತೊಳಿ ಹೋಗು!”

ರಿಜಿಸ್ಟರ್ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡೆ.

“ಅಪ್ಪ ಗಟಾರ ತೊಳೆದ್ರು ಅಂತ ನಿಮ್ಮ ಹೋಟೆಲು ನಡೀತು. ನೀವು ಹಾಕಿದ್ದು ಅನ್ನ ಅಲ್ಲ, ಉಳಿದದ್ದು. ಅಪ್ಪ ನಿಮ್ಮ ವಾಸನೆ ಊರಿಗೆ ಹೇಳ್ಲಿಲ್ಲ. ನಾನು ಈ ಹುಡುಗಿಯರ ಹೆಸರು ನಿಮಗೆ ಹೇಳೂದಿಲ್ಲ. ಕೆಲಸ ಬೇಕಾದ್ರೆ ತಗೊಳ್ಳಿ.”

ತಗೊಂಡರು. ಅಲ್ಲೇ ಕಾಗದ ಟೈಪಾಯಿತು. ಐದು ಗಂಟೆಗೆ ಬೀಗದ ಕೈ ಕೊಟ್ಟು ಹೋಗಬೇಕು.

“ಐದು ಗಂಟೆ ತನಕ ನಾನೇ ಲೈಬ್ರರಿಯನ್ ಅಲ್ವಾ?” ಎಂದು ಕೇಳಿದೆ.

“ಎಂತ ಬೇಕಾದ್ರೂ ಮಾಡಿ ಸಾಯಿ,” ರಾಯರು ಅಂದರು. ನಾನು ಅದನ್ನು ಅನುಮತಿ ಅಂದುಕೊಂಡೆ.

ಕೆಳಗೆ ಬಂದಾಗ ಮೆಟ್ಟಿಲ ಬಳಿ ಅನಘ ನಿಂತಿದ್ದಳು. ಕಣ್ಣು ಬಾತಿದ್ದವು. ನನ್ನ ಕೈಯಲ್ಲಿದ್ದ ಪುಸ್ತಕ ನೋಡಿದಳು.

“ಟೀಚರ್, ಮೇರಾ ಅರ್ಧ ಬಾಕಿ ರಹ್ ಗಯಾ. ಅಜ್ಜ ಕಿತ್ಕೊಂಡ್ರು. ಫಿರ್ ಸೆ ಇಶ್ಯೂ ಕರೋ ನಾ.”

ಅವಳ ಹಿಂದೆ ನಿಕಿತಾ. ನಿಕಿತಾಳ ಹಿಂದೆ ಇನ್ನೂ ಏಳು. ಎಲ್ಲರೂ ಸರದಿಯವರು. ಒಬ್ಬಳಿಗೆ ಕೊಟ್ಟರೆ ಎಂಟು ಜನಕ್ಕೆ ಅನ್ಯಾಯ. ನನ್ನಲ್ಲಿ ಉಳಿದದ್ದು ಒಂದು ಗಂಟೆ.

“ಇಲ್ಲೇ ಕೂತು ಓದೋರಿಗೆ ರಿಜಿಸ್ಟರ್ ಬೇಡ,” ಅಂದೆ. “ಒಳಗೆ ಬನ್ನಿ. ಗಟ್ಟಿಯಾಗಿ ಓದು. ಎಲ್ಲರಿಗೂ ಕೇಳಲಿ.”

ಒಂಬತ್ತು ಹುಡುಗಿಯರು ನೆಲದ ಮೇಲೆ ಕೂತರು. ಅನಘ ಅರವತ್ತೊಂದನೆಯ ಪುಟ ತೆಗೆದಳು. ಮೊದಲು ಮುಟ್ಟು, ರಕ್ತ, ಗರ್ಭಕೋಶ ಅನ್ನುವ ಮಾತುಗಳನ್ನು ನುಂಗಿ ನುಂಗಿ ಓದಿದಳು. ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ನಕ್ಕ ಮೇಲೆ ದನಿ ಬಿಟ್ಟಿತು. ಮುಟ್ಟಾದವಳು ಉಪ್ಪಿನಕಾಯಿ ಮುಟ್ಟಿದರೆ ಏನಾಗುತ್ತದೆ ಎಂದು ಪುಸ್ತಕ ಕೇಳಿತ್ತು. ಉತ್ತರ ಒಂದೇ ಸಾಲು: ಏನೂ ಆಗುವುದಿಲ್ಲ. ನಿಕಿತಾ, “ವಾಪಸ್ ಪಢ್,” ಅಂದಳು. ಅನಘ ಮೂರು ಸಲ ಓದಿದಳು. ಮೂರನೆಯ ಸಲ ಮೆಟ್ಟಿಲ ಮೇಲಿದ್ದ ವಾಚ್‌ಮನ್‌ಗೂ ಕೇಳಿಸಿತು. ಅವನು ಟೋಪಿ ಸರಿ ಮಾಡಿಕೊಂಡು ಗೇಟಿನ ಕಡೆ ಓಡಿದ.

ಐದಕ್ಕೆ ರತ್ನಾವತಿ ಮೇಡಂ ಬೀಗದ ಕೈಗೆ ಬಂದರು. ಬಾಗಿಲಲ್ಲಿ ನಿಂತರು. ಕರವಸ್ತ್ರ ಮೂಗಿಗೆ ಹಿಡಿಯಲು ಮರೆತಿದ್ದರು. ಅನಘ ಓದುತ್ತಲೇ ಇದ್ದಳು. ಗೇಟಿನಿಂದ ಕಾರಿನ ಹಾರ್ನ್ ಕೇಳಿಸಿತು. ರಾಯರು ಮೊಮ್ಮಗಳನ್ನು ಕರೆಯುತ್ತಿದ್ದರು. ಒಮ್ಮೆ. ಎರಡು ಸಲ. ಅನಘ ತಲೆ ಎತ್ತಲಿಲ್ಲ. ಹಾರ್ನಿಗಿಂತ ದೊಡ್ಡ ದನಿಯಲ್ಲಿ ಓದಿದಳು.

“ಇನ್ನೆಷ್ಟು ಪುಟ ಉಂಟು?” ಮೇಡಂ ಕೇಳಿದರು.

“ಎಂಟು.”

ಅವರು ಗೇಟಿನ ಕಡೆ ನೋಡಿದರು. “ಬೇಗ ಓದಿ,” ಅಂದರು. ಅಷ್ಟೇ. ನನ್ನ ಪರವಾಗಿ ಅವರು ಮಾತಾಡಲಿಲ್ಲ. ಅವತ್ತೂ ಇಲ್ಲ, ಆಮೇಲೂ ಇಲ್ಲ.

ಮುಗಿದಾಗ ಪುಸ್ತಕ ಹುಡುಗಿಯರ ನಡುವೆ ನೆಲದ ಮೇಲಿತ್ತು. ನಾನು ಎದ್ದು ಪಾಯಖಾನೆಯ ಕಡೆಯ ಗಾಳಿಕಿಂಡಿ ಮುಚ್ಚಲು ಹೋದೆ. ಅದರ ಚಿಲಕ ಬಹಳ ಬಿಗಿ. ಅವತ್ತು ಎಂದಿಗಿಂತ ಬಿಗಿಯಾಗಿತ್ತು. ಬೆನ್ನು ತಿರುಗಿಸಿಕೊಂಡೇ ಒಂದೆರಡು ನಿಮಿಷ ಒದ್ದಾಡಿದೆ. ತಿರುಗಿದಾಗ ಹುಡುಗಿಯರು ಹೋಗಿದ್ದರು, ಮೇಡಂ ಇನ್ನೂ ಗೇಟಿನ ಕಡೆಯೇ ನೋಡುತ್ತಿದ್ದರು. ನೆಲ ಖಾಲಿ ಇತ್ತು.

ಈಗ ಭಿವಂಡಿಯ ಒಂದು ಗೋಡೌನಿನಲ್ಲಿದ್ದೇನೆ. ಒಂಬತ್ತು ಗಂಟೆ ನಿಂತು ಡಬ್ಬಗಳ ಮೇಲೆ ಸ್ಕ್ಯಾನರಿನ ಕೆಂಪು ಬೆಳಕು ಬಿಡುವ ಕೆಲಸ. ಸಂಜೆ ಕಾಲು ಊದುತ್ತದೆ. ಇಲ್ಲಿಯೂ ಕುರ್ಚಿ ಇಲ್ಲ. ಆದರೆ ಇಲ್ಲಿ ಯಾರಿಗೂ ಇಲ್ಲ. ಲೈಬ್ರರಿಗೆ ಬೀಗ ಬಿದ್ದಿದೆ, ಒಳಗೆ ಶಾರದಾ ಪೂಜೆಯ ಮಂಟಪ ಇಟ್ಟಿದ್ದಾರಂತೆ. ನಿಕಿತಾ ಶಾಲೆಗೆ ಬರುತ್ತಿದ್ದಾಳೆ. ಅನಘಳ ಮನೆಯ ಬಾಲ್ಕನಿಯಲ್ಲಿ ಈಗ ಬಟ್ಟೆ ಒಣಗುತ್ತದೆ, ಹುಡುಗಿ ಅಲ್ಲ ಎಂದು ಕೇಳಿದ್ದೇನೆ. ಪೂರ್ತಿ ನಿಜವೋ ಗೊತ್ತಿಲ್ಲ.

ಹೋದ ತಿಂಗಳು ಸಂಘದಿಂದ ನೋಟಿಸು ಬಂತು. ಸ್ಟಾಕಿನಲ್ಲಿ ಒಂದು ಪುಸ್ತಕ ಕಡಿಮೆ ಇದೆಯಂತೆ. ಅದು ಎಲ್ಲಿ ಹೋಯಿತು, ಯಾರ ಬಳಿ ಇದೆ ಎಂದು ಏಳು ದಿನದೊಳಗೆ ಲಿಖಿತವಾಗಿ ತಿಳಿಸದಿದ್ದರೆ ಪೊಲೀಸರಿಗೆ ದೂರು ಕೊಡುತ್ತಾರಂತೆ. ಕೆಳಗೆ ರಘುಪತಿ ರಾಯರ ಸಹಿ. ನೋಟಿಸಿನಲ್ಲಿ ಮಾತ್ರ ನನ್ನನ್ನು ‘ತಾವು’ ಅಂದಿದ್ದರು.

ಊಟದ ಬಿಡುವಿನಲ್ಲಿ ಡಬ್ಬದ ಮೇಲೆ ಕಾಗದ ಇಟ್ಟು ಉತ್ತರ ಬರೆದೆ.

‘ಮಾನ್ಯರೇ, ಪುಸ್ತಕ ಕಳೆದಿಲ್ಲ. ಯಾರೋ ಓದುತ್ತಿದ್ದಾರೆ.’